ಚಾರ್ಟ್ ಬಿಡಿಸುವ ಮೊದಲು ಲೆಕ್ಕ ತಾಳೆಯಾಗಲಿ: ವ್ಯವಹಾರ ಸಾಫ್ಟ್‌ವೇರ್‌ನ ಡೇಟಾವನ್ನು ಎಕ್ಸೆಲ್ ಚಾರ್ಟ್‌ಗೆ ಜೋಡಿಸುವ ಸಮಗ್ರ ಮಾರ್ಗದರ್ಶಿ

ಲೆಕ್ಕಪತ್ರದ ಅಥವಾ ದಾಸ್ತಾನಿನ ಸಾಫ್ಟ್‌ವೇರ್‌ನಿಂದ ಎಕ್ಸೆಲ್‌ಗೆ ಡೇಟಾ ತಂದು ಚಾರ್ಟ್ ಮಾಡಲು ಹೊರಟವರು ಮುಗ್ಗರಿಸುವುದು ಹೆಚ್ಚಾಗಿ ಮೂರು ಜಾಗಗಳಲ್ಲಿ. ಡೇಟಾಬೇಸ್ ಜೊತೆ ಮಾತಾಡಿಸುವ ಡ್ರೈವರ್ ಹಾಕಿದ್ದರೂ ಎಕ್ಸೆಲ್‌ಗೆ ಅದು ಕಾಣಿಸುವುದಿಲ್ಲ. ಕಂಡು, ಡೇಟಾ ಬಂದರೆ ಮೊತ್ತ ಎರಡು ಮೂರು ಪಟ್ಟು ಉಬ್ಬಿರುತ್ತದೆ. ಮೊತ್ತವೂ ಸರಿಯಾಯಿತು ಅಂದುಕೊಂಡರೆ, ಮಾರನೇ ದಿನ ರಿಫ್ರೆಶ್ ಒತ್ತಿದ ಮೇಲೂ ಚಾರ್ಟ್ ನಿನ್ನೆಯ ಅಂಕಿಯನ್ನೇ ತೋರಿಸುತ್ತದೆ. ಈ ಮೂರರಲ್ಲಿ ಒಂದೂ ಚಾರ್ಟ್‌ನ ತಪ್ಪಲ್ಲ. ಕೆಲಸದ ಕ್ರಮ ತಪ್ಪಿದ್ದರಿಂದ ಆದದ್ದು. ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. 7ನೇ ಹಂತ ದಾಟುವ ತನಕ ಇನ್ಸರ್ಟ್ ಮೆನುವಿನ ಚಾರ್ಟ್ ಗುಂಡಿಯನ್ನು ಮುಟ್ಟಬೇಡಿ.

## ಕೈಯಲ್ಲಿ ಇರಬೇಕಾದವು

ವಿಂಡೋಸ್ ಕಂಪ್ಯೂಟರ್, ಅದರಲ್ಲಿ ಎಕ್ಸೆಲ್ 2016 ಅಥವಾ ಅದರ ನಂತರದ ಆವೃತ್ತಿ. ಡೇಟಾ ಎಳೆದು ತಿದ್ದುವ ಪವರ್ ಕ್ವೆರಿ 2016ರಿಂದ ಎಕ್ಸೆಲ್‌ನ ಒಳಗೇ ಇದೆ. 2010 ಮತ್ತು 2013ರಲ್ಲಿ ಅದನ್ನು ಆಡ್-ಇನ್ ಆಗಿ ಬೇರೆ ಹಾಕಿಕೊಳ್ಳಬೇಕಿತ್ತು. ಮ್ಯಾಕ್‌ನಲ್ಲಿ ದಾರಿ ಬೇರೆಯಾದ್ದರಿಂದ ಇಲ್ಲಿ ಅದನ್ನು ಹೇಳಿಲ್ಲ.

ನಿಮ್ಮ ಸಾಫ್ಟ್‌ವೇರ್‌ನ ಡೇಟಾಬೇಸ್‌ಗೆ ಹೊಂದುವ ಓಡಿಬಿಸಿ (ಬೇರೆ ಬೇರೆ ಡೇಟಾಬೇಸ್‌ಗಳನ್ನು ಒಂದೇ ಬಗೆಯಲ್ಲಿ ತಲುಪುವ ಪದ್ಧತಿ) ಡ್ರೈವರ್ ಬೇಕು. ಜೊತೆಗೆ ಓದಲು ಮಾತ್ರ ಅನುಮತಿ ಇರುವ ಲಾಗಿನ್ ಬೇಕು. ಅಡ್ಮಿನ್ ಪಾಸ್‌ವರ್ಡ್ ಕೈಗೆ ಸಿಕ್ಕಿದರೂ ಅದನ್ನು ಬಳಸಬೇಡಿ. ಚಾರ್ಟ್‌ಗೆ ಓದುವುದಷ್ಟೇ ಸಾಕು, ಬರೆಯುವ ಅಧಿಕಾರ ಇರುವ ಲಾಗಿನ್ ಒಂದು ಎಕ್ಸೆಲ್ ಫೈಲ್‌ಗೆ ಅಂಟಿಕೊಂಡು ಊರೆಲ್ಲ ಸುತ್ತುವುದು ಬೇಡ.

ಕೊನೆಯದಾಗಿ, ಎಲ್ಲರೂ ಮರೆಯುವ ಒಂದು ವಸ್ತು: ಈಗಾಗಲೇ ಮುಗಿದು, ಇನ್ನು ಯಾರೂ ತಿದ್ದದ ಒಂದು ತಿಂಗಳ ವರದಿ, ಅದೇ ಸಾಫ್ಟ್‌ವೇರ್‌ನಿಂದ ತೆಗೆದದ್ದು. ತಾಳೆ ನೋಡಲು ಇದೇ ಆಧಾರ.

## 1. ಚಾರ್ಟ್ ಉತ್ತರಿಸಬೇಕಾದ ಪ್ರಶ್ನೆಯನ್ನು ಒಂದು ಸಾಲಿನಲ್ಲಿ ಬರೆಯಿರಿ

"ಮಾರಾಟದ ಚಾರ್ಟ್ ಬೇಕು" ಎಂಬುದು ಪ್ರಶ್ನೆಯಲ್ಲ. "ಕಳೆದ 24 ತಿಂಗಳಲ್ಲಿ, ತಿಂಗಳುವಾರು, ತೆರಿಗೆ ಬಿಟ್ಟು, ವಾಪಸು ಬಂದ ಸರಕು ಕಳೆದು, ಬಿಲ್ ದಿನಾಂಕದ ಪ್ರಕಾರ ಮಾರಾಟ ಎಷ್ಟು?" ಎಂಬುದು ಪ್ರಶ್ನೆ. ಇದರ ಒಂದೊಂದು ಪದವೂ ಮುಂದೆ ಒಂದು ಕಾಲಂ ಅಥವಾ ಒಂದು ಫಿಲ್ಟರ್ ಆಗುತ್ತದೆ. ಬಿಲ್ ದಿನಾಂಕವೋ, ಲೆಕ್ಕಕ್ಕೆ ಏರಿಸಿದ ದಿನಾಂಕವೋ ಎಂಬುದನ್ನು ಈಗಲೇ ತೀರ್ಮಾನಿಸದಿದ್ದರೆ, ತಿಂಗಳ ಕೊನೆಯ ಬಿಲ್‌ಗಳು ಒಂದು ವರದಿಯಲ್ಲಿ ಈ ತಿಂಗಳಿಗೂ ಇನ್ನೊಂದರಲ್ಲಿ ಮುಂದಿನ ತಿಂಗಳಿಗೂ ಬಿದ್ದು, ಯಾವುದು ಸರಿ ಎಂಬ ವಾದ ಮುಗಿಯುವುದೇ ಇಲ್ಲ.

## 2. ಬಿಟ್ ಹೊಂದಾಣಿಕೆ ನೋಡಿ

ಅತಿ ಹೆಚ್ಚು ಜನ ಕೈಚೆಲ್ಲುವುದು ಇಲ್ಲಿಯೇ. ಎಕ್ಸೆಲ್ 32 ಬಿಟ್ ಇದ್ದರೆ ಡ್ರೈವರ್ ಕೂಡ 32 ಬಿಟ್ ಇರಬೇಕು, ಎಕ್ಸೆಲ್ 64 ಬಿಟ್ ಇದ್ದರೆ ಡ್ರೈವರ್ 64 ಬಿಟ್. ವಿಂಡೋಸ್ ಎಷ್ಟು ಬಿಟ್ ಎಂಬುದು ಇಲ್ಲಿ ಲೆಕ್ಕಕ್ಕಿಲ್ಲ. ವಿಂಡೋಸ್ 64 ಇದ್ದು ಅದರ ಮೇಲೆ 32 ಬಿಟ್ ಎಕ್ಸೆಲ್ ಕೂತಿರಬಹುದು.

ಎಕ್ಸೆಲ್‌ನಲ್ಲಿ ಫೈಲ್, ಅಕೌಂಟ್, ಅಬೌಟ್ ಎಕ್ಸೆಲ್ ತೆರೆಯಿರಿ. ಮೇಲಿನ ಸಾಲಿನ ಕೊನೆಯಲ್ಲಿ 32-ಬಿಟ್ ಅಥವಾ 64-ಬಿಟ್ ಎಂದು ಬರೆದಿರುತ್ತದೆ. ಆ ಅಂಕಿಯನ್ನು ಬರೆದಿಟ್ಟುಕೊಂಡು, ಅದಕ್ಕೆ ಸರಿಹೊಂದುವ ಡ್ರೈವರ್ ಅನ್ನೇ ಹಾಕಿ.

ಇನ್ನೊಂದು ಗೊಂದಲವಿದೆ. 64 ಬಿಟ್ ವಿಂಡೋಸ್‌ನಲ್ಲಿ ಓಡಿಬಿಸಿ ಡೇಟಾ ಸೋರ್ಸ್ ಅಡ್ಮಿನಿಸ್ಟ್ರೇಟರ್ ಎರಡಿವೆ, ಎರಡರ ಫೈಲ್ ಹೆಸರೂ ಒಂದೇ. 64 ಬಿಟ್‌ನದು ವಿಂಡೋಸ್ ಫೋಲ್ಡರ್‌ನ ಸಿಸ್ಟಮ್32 ಒಳಗಿದೆ, 32 ಬಿಟ್‌ನದು ಸಿಸ್‌ವೌ64 ಒಳಗಿದೆ. ಹೆಸರು ನೋಡಿದರೆ ಅದಲುಬದಲಾಗಿರುವಂತೆ ಕಂಡರೂ ಇರುವುದು ಹೀಗೆಯೇ. ಸ್ಟಾರ್ಟ್ ಮೆನುವಿನಲ್ಲಿ ಓಡಿಬಿಸಿ ಎಂದು ಹುಡುಕಿದರೆ ಎರಡೂ ಬರುತ್ತವೆ. ಬ್ರಾಕೆಟ್‌ನಲ್ಲಿರುವ ಅಂಕಿ ನೋಡಿ ಆರಿಸಿ.

ಎಚ್ಚರಿಕೆಯ ಗುರುತುಗಳು ಎರಡು. ಐಎಂ014 ಎಂಬ ಸಂಕೇತದೊಂದಿಗೆ "ಆರ್ಕಿಟೆಕ್ಚರ್ ಮಿಸ್‌ಮ್ಯಾಚ್" ಎಂದು ಬಂದರೆ ಬಿಟ್ ಹೊಂದಿಲ್ಲ ಎಂದೇ ಅರ್ಥ. ಐಎಂ002 ಸಂಕೇತದೊಂದಿಗೆ "ಡೇಟಾ ಸೋರ್ಸ್ ನೇಮ್ ನಾಟ್ ಫೌಂಡ್" ಎಂದು ಬಂದರೆ, 3ನೇ ಹಂತದಲ್ಲಿ ಕೊಡುವ, ಎಕ್ಸೆಲ್ ಹುಡುಕುತ್ತಿರುವ ಹೆಸರು ಅದಕ್ಕೆ ಸಿಗುತ್ತಿಲ್ಲ: ಹೆಸರಿನ ಅಕ್ಷರ ತಪ್ಪಿರಬೇಕು, ಇಲ್ಲವೇ ನೀವು ಅದನ್ನು ಇನ್ನೊಂದು ಬಿಟ್‌ನ ಕಿಟಕಿಯಲ್ಲಿ ಮಾಡಿರಬೇಕು. ಈ ಎರಡು ಸಂದೇಶಗಳಿಗೂ ಪಾಸ್‌ವರ್ಡ್‌ಗೂ ಸಂಬಂಧವಿಲ್ಲ. ಪಾಸ್‌ವರ್ಡ್ ಬದಲಿಸುತ್ತಾ ಕೂರಬೇಡಿ.

## 3. ಡಿಎಸ್‌ಎನ್ ಮಾಡಿ, ಅಲ್ಲೇ ಪರೀಕ್ಷಿಸಿ

ಡಿಎಸ್‌ಎನ್ ಎಂದರೆ ಡೇಟಾ ಸೋರ್ಸ್ ನೇಮ್: ಡೇಟಾಬೇಸ್ ಎಲ್ಲಿದೆ, ಯಾವ ಡ್ರೈವರ್ ಬಳಸಬೇಕು ಎಂಬ ವಿವರವನ್ನು ಒಂದು ಹೆಸರಿನಡಿ ಇಟ್ಟದ್ದು. ನಿಮ್ಮ ಸಾಫ್ಟ್‌ವೇರ್ ಮೈಕ್ರೋಸಾಫ್ಟ್ ಎಸ್‌ಕ್ಯೂಎಲ್ ಸರ್ವರ್ ಮೇಲೆ ನಡೆಯುತ್ತಿದ್ದರೆ ಈ ಹಂತ ಬಿಟ್ಟುಬಿಡಿ. ಎಕ್ಸೆಲ್‌ನಲ್ಲಿ ಅದಕ್ಕೆ ನೇರ ದಾರಿಯೇ ಇದೆ, ಡಿಎಸ್‌ಎನ್ ಬೇಕಾಗಿಲ್ಲ.

ಉಳಿದವರು ಸರಿಯಾದ ಬಿಟ್‌ನ ಅಡ್ಮಿನಿಸ್ಟ್ರೇಟರ್ ತೆರೆದು, ಆಡ್ ಒತ್ತಿ ಡ್ರೈವರ್ ಆರಿಸಿ. ಯೂಸರ್ ಡಿಎಸ್‌ಎನ್ ಮಾಡಿದರೆ ಅದು ನಿಮ್ಮ ವಿಂಡೋಸ್ ಲಾಗಿನ್‌ಗೆ ಮಾತ್ರ ಕಾಣುತ್ತದೆ. ಸಿಸ್ಟಮ್ ಡಿಎಸ್‌ಎನ್ ಆ ಕಂಪ್ಯೂಟರ್ ಬಳಸುವ ಎಲ್ಲರಿಗೂ ಕಾಣುತ್ತದೆ. ಒಂದೇ ಯಂತ್ರವನ್ನು ಪಾಳಿಯಲ್ಲಿ ಬಳಸುವ ಕಚೇರಿಯಾದರೆ ಎರಡನೆಯದನ್ನೇ ಮಾಡಿ. ಹೆಸರು ಚಿಕ್ಕದಿರಲಿ, ನಡುವೆ ಜಾಗ ಬಿಡಬೇಡಿ.

ಸರ್ವರ್ ಹೆಸರಿನ ಜೊತೆ ಪೋರ್ಟ್ ಸಂಖ್ಯೆ ಕೇಳುತ್ತದೆ. ಯಾರೂ ಬದಲಿಸಿರದಿದ್ದರೆ ಮೈಎಸ್‌ಕ್ಯೂಎಲ್‌ಗೆ 3306, ಪೋಸ್ಟ್‌ಗ್ರೆಎಸ್‌ಕ್ಯೂಎಲ್‌ಗೆ 5432, ಟ್ಯಾಲಿಗೆ 9000. ಟ್ಯಾಲಿ ಬಳಸುವವರು ಒಂದನ್ನು ನೆನಪಿಡಬೇಕು: ಆ ಸಾಫ್ಟ್‌ವೇರ್ ತೆರೆದು, ಕಂಪನಿ ಲೋಡ್ ಆಗಿದ್ದಾಗ ಮಾತ್ರ ಅದು ಹೊರಗಿನವರಿಗೆ ಡೇಟಾ ಕೊಡುತ್ತದೆ.

ಟೆಸ್ಟ್ ಕನೆಕ್ಷನ್ ಗುಂಡಿ ಇದ್ದರೆ ಒತ್ತಿ. ಅದು ಯಶಸ್ವಿ ಎಂದರೆ ಬಾಗಿಲು ತೆರೆಯಿತು ಎಂದಷ್ಟೇ. ಒಳಗಿನ ಟೇಬಲ್‌ಗಳನ್ನು ನೋಡಲು ನಿಮ್ಮ ಲಾಗಿನ್‌ಗೆ ಅನುಮತಿ ಇದೆಯೋ ಇಲ್ಲವೋ ಅದು ಹೇಳುವುದಿಲ್ಲ. ಮುಂದಿನ ಹಂತದಲ್ಲಿ ಟೇಬಲ್ ಪಟ್ಟಿ ಖಾಲಿ ಬಂದರೆ ಡ್ರೈವರ್ ತೆಗೆದು ಹಾಕುವ ಕೆಲಸಕ್ಕೆ ಇಳಿಯಬೇಡಿ, ಅನುಮತಿ ಕೇಳಿ.

## 4. ಡೇಟಾ ಎಳೆಯಿರಿ, ಆದರೆ ಪೂರ್ತಿ ಅಲ್ಲ

ಡೇಟಾ ಟ್ಯಾಬ್, ಗೆಟ್ ಡೇಟಾ, ಫ್ರಮ್ ಅದರ್ ಸೋರ್ಸಸ್, ಫ್ರಮ್ ಓಡಿಬಿಸಿ. ಡಿಎಸ್‌ಎನ್ ಆರಿಸಿ, ಲಾಗಿನ್ ಕೊಟ್ಟ ಮೇಲೆ ನ್ಯಾವಿಗೇಟರ್‌ನಲ್ಲಿ ಟೇಬಲ್‌ಗಳ ಪಟ್ಟಿ ಬರುತ್ತದೆ. ಬೇಕಾದ ಟೇಬಲ್ ಗುರುತಿಸಿ, ಕೆಳಗೆ ಲೋಡ್ ಒತ್ತದೆ ಟ್ರಾನ್ಸ್‌ಫಾರ್ಮ್ ಡೇಟಾ ಒತ್ತಿ. ನೇರ ಲೋಡ್ ಒತ್ತಿದವರ ಎಕ್ಸೆಲ್ ಹೆಪ್ಪುಗಟ್ಟುವುದನ್ನು ಎಷ್ಟೋ ಸಲ ನೋಡಿದ್ದೇನೆ. ಹಾಳೆಯೊಂದು ಹಿಡಿಯುವುದು 10,48,576 ಸಾಲು. ಕೆಲವು ವರ್ಷಗಳ ದಾಸ್ತಾನು ಚಲನೆಯ ಟೇಬಲ್ ಅದನ್ನು ಸುಲಭವಾಗಿ ಮೀರುತ್ತದೆ.

ಪವರ್ ಕ್ವೆರಿ ಕಿಟಕಿಯಲ್ಲಿ ಮೊದಲು ದಿನಾಂಕದ ಫಿಲ್ಟರ್, ಆಮೇಲೆ ಬೇಡದ ಕಾಲಂ ತೆಗೆಯುವುದು, ಅದಾದ ಮೇಲೆ ಉಳಿದೆಲ್ಲ. ಮೊದಲೇ ಫಿಲ್ಟರ್ ಇಟ್ಟರೆ ಆ ಕೆಲಸವನ್ನು ಡೇಟಾಬೇಸ್ ತಾನೇ ಮಾಡಿ, ಬೇಕಾದಷ್ಟನ್ನೇ ಕಳಿಸುವ ಸಾಧ್ಯತೆ ಇದೆ. ಎಲ್ಲಾ ಎಳೆದ ಮೇಲೆ ಫಿಲ್ಟರ್ ಮಾಡಿದರೆ ಹೊರೆಯೆಲ್ಲ ನಿಮ್ಮ ಯಂತ್ರದ ಮೇಲೆ. ಪರೀಕ್ಷಿಸಲು ಬಲಗಡೆಯ ಹಂತಗಳ ಪಟ್ಟಿಯಲ್ಲಿ ಕೊನೆಯ ಹಂತದ ಮೇಲೆ ರೈಟ್ ಕ್ಲಿಕ್ ಮಾಡಿ. ವ್ಯೂ ನೇಟಿವ್ ಕ್ವೆರಿ ಒತ್ತಲು ಬರುವಂತಿದ್ದರೆ ಕೆಲಸ ಡೇಟಾಬೇಸ್‌ನಲ್ಲೇ ನಡೆಯುತ್ತಿದೆ. ಮಂಕಾಗಿದ್ದರೆ ಸಾಮಾನ್ಯವಾಗಿ ಇಲ್ಲ ಎಂದೇ ತಿಳಿಯಿರಿ. ಆಗ ಹಂತಗಳ ಕ್ರಮ ಬದಲಿಸಿ ನೋಡಿ.

ದಿನಾಂಕದ ಫಿಲ್ಟರ್‌ನಲ್ಲಿ ಒಂದು ಸಣ್ಣ ಹೊಂಡವಿದೆ. "ಮಾರ್ಚ್ 31 ಅಥವಾ ಅದಕ್ಕಿಂತ ಮೊದಲು" ಎಂದು ಕೊಟ್ಟಿರಿ ಅಂದುಕೊಳ್ಳಿ. ಕಾಲಂನಲ್ಲಿ ದಿನಾಂಕದ ಜೊತೆ ಗಂಟೆ ನಿಮಿಷವೂ ಇದ್ದರೆ, ಮಾರ್ಚ್ 31 ಅಂದರೆ ಆ ದಿನ ಶುರುವಾದ ಕ್ಷಣ ಎಂದಾಗುತ್ತದೆ. ಆ ದಿನ ಬೆಳಿಗ್ಗೆಯಿಂದ ಮಾಡಿದ ಬಿಲ್‌ಗಳೆಲ್ಲ ಹೊರಗುಳಿಯುತ್ತವೆ. "ಏಪ್ರಿಲ್ 1ಕ್ಕಿಂತ ಮೊದಲು" ಎಂದೇ ಕೊಡಿ.

## 5. ಕಾಲಂಗಳ ಜಾತಿ ಸರಿಪಡಿಸಿ

ಡೇಟಾಬೇಸ್‌ನಿಂದ ಬಂದ ಕಾಲಂಗಳ ಟೈಪ್ ಸಾಮಾನ್ಯವಾಗಿ ಸರಿಯಾಗಿಯೇ ಇರುತ್ತದೆ. ತೊಂದರೆ ಕೊಡುವುದು ದಿನಾಂಕವನ್ನು ಅಕ್ಷರವಾಗಿ ಇಟ್ಟುಕೊಂಡಿರುವ ಹಳೆಯ ಸಾಫ್ಟ್‌ವೇರ್‌ಗಳು. 03/04 ಎಂಬುದು ಮಾರ್ಚ್ 4 ಇರಬಹುದು, ಏಪ್ರಿಲ್ 3 ಇರಬಹುದು. ಕಾಲಂ ತಲೆಯ ಮೇಲಿನ ಟೈಪ್ ಗುರುತು ಒತ್ತಿ, ಪಟ್ಟಿಯ ಕೊನೆಯಲ್ಲಿರುವ ಯೂಸಿಂಗ್ ಲೊಕೇಲ್ ಆರಿಸಿ, ಆ ದಿನಾಂಕ ಯಾವ ದೇಶದ ಪದ್ಧತಿಯಲ್ಲಿ ಬರೆದದ್ದೋ ಅದನ್ನು ಹೇಳಿ.

ತಪ್ಪಿದರೆ ಗುರುತು ಹಿಡಿಯುವುದು ಹೀಗೆ: ಪ್ರತಿ ತಿಂಗಳ 13ನೇ ತಾರೀಖಿನಿಂದ ಮುಂದಿನ ಸಾಲುಗಳಲ್ಲಿ ಮಾತ್ರ ಎರರ್ ಇರುತ್ತದೆ, 12ರ ತನಕ ಎಲ್ಲ ಸರಿಯಿರುವಂತೆ ಕಾಣುತ್ತದೆ. ಆ 12 ದಿನಗಳೇ ಅಪಾಯಕಾರಿ. ಅವು ಸದ್ದಿಲ್ಲದೆ ಬೇರೆ ತಿಂಗಳುಗಳಿಗೆ ಹೋಗಿ ಕೂತಿರುತ್ತವೆ. ಎರರ್ ಸಾಲುಗಳನ್ನು ರಿಮೂವ್ ಎರರ್ಸ್ ಒತ್ತಿ ಅಳಿಸಿ ಮುಂದೆ ಹೋಗುವವರಿದ್ದಾರೆ. ಅದು ಜ್ವರ ಅಳೆಯುವ ಕಡ್ಡಿಯನ್ನೇ ಮುರಿದಂತೆ.

ಗ್ರಾಹಕರ ಕೋಡ್, ಸರಕಿನ ಕೋಡ್ ಇವು ಅಂಕಿಯಂತೆ ಕಂಡರೂ ಟೆಕ್ಸ್ಟ್ ಆಗಿಯೇ ಇರಲಿ. 00417 ಅನ್ನು ಸಂಖ್ಯೆ ಮಾಡಿದರೆ 417 ಆಗುತ್ತದೆ, ಮುಂದೆ ಇನ್ನೊಂದು ಟೇಬಲ್ ಜೊತೆ ಜೋಡಿಸುವಾಗ ಅದಕ್ಕೆ ಜೋಡಿ ಸಿಗುವುದಿಲ್ಲ.

## 6. ಟೇಬಲ್‌ಗಳನ್ನು ಜೋಡಿಸುವಾಗ ಸಾಲು ಎಣಿಸಿ

ಇಲ್ಲಿ ನಿಧಾನವಾಗಿ ಓದಿ. ನಾನು ನೋಡಿದ ತಪ್ಪು ಚಾರ್ಟ್‌ಗಳಲ್ಲಿ ಹೆಚ್ಚಿನವು ಹುಟ್ಟಿದ್ದು ಇಲ್ಲಿಯೇ.

ವ್ಯವಹಾರ ಸಾಫ್ಟ್‌ವೇರ್‌ಗಳು ಸಾಮಾನ್ಯವಾಗಿ ಒಂದು ಬಿಲ್ ಅನ್ನು ಎರಡು ಟೇಬಲ್‌ಗಳಲ್ಲಿ ಇಡುತ್ತವೆ. ತಲೆ ಟೇಬಲ್‌ನಲ್ಲಿ ಬಿಲ್ ಸಂಖ್ಯೆ, ದಿನಾಂಕ, ಗ್ರಾಹಕ, ಒಟ್ಟು ಮೊತ್ತ. ಐಟಂ ಟೇಬಲ್‌ನಲ್ಲಿ ಆ ಬಿಲ್‌ನ ಒಂದೊಂದು ಸರಕಿಗೂ ಒಂದೊಂದು ಸಾಲು. ಬಿಲ್ 501ರ ಒಟ್ಟು ಮೊತ್ತ 1,200, ಅದರಲ್ಲಿ 500, 400, 300ರ ಮೂರು ಸರಕು ಇವೆ ಎನ್ನಿ. ಮರ್ಜ್ ಕ್ವೆರೀಸ್ ಬಳಸಿ ಎರಡನ್ನೂ ಜೋಡಿಸಿದರೆ ಮೂರು ಸಾಲು ಬರುತ್ತವೆ, ಮೂರರಲ್ಲೂ ಒಟ್ಟು ಮೊತ್ತದ ಕಾಲಂನಲ್ಲಿ 1,200 ಇರುತ್ತದೆ. ಅದನ್ನು ಕೂಡಿಸಿದರೆ 3,600.

ಒಂದೇ ಸರಕಿನ ಬಿಲ್‌ಗಳು ಹೆಚ್ಚಿದ್ದರೆ ಉಬ್ಬು ಕಡಿಮೆ, ಹತ್ತು ಸರಕಿನ ಬಿಲ್‌ಗಳಿದ್ದರೆ ಉಬ್ಬು ಹತ್ತು ಪಟ್ಟು. ಅಂದರೆ ತಪ್ಪು ಒಂದೇ ಅಳತೆಯಲ್ಲಿ ಇರುವುದಿಲ್ಲ, ಚಾರ್ಟ್‌ನ ಆಕಾರವೇ ಬದಲಾಗುತ್ತದೆ. ಒಂದು ಸಭೆಗೆ ನಾನು ಮಾಡಿಕೊಟ್ಟ ಚಾರ್ಟ್‌ನಲ್ಲಿ ಇದೇ ತಪ್ಪಿತ್ತು. ದೊಡ್ಡ ಬಿಲ್‌ಗಳ ತಿಂಗಳೊಂದು ದಾಖಲೆ ಮಾರಾಟದಂತೆ ಕಂಡಿತು, ಅದನ್ನು ನಂಬಿ ಮುಂದಿನ ತಿಂಗಳಿಗೆ ಸರಕು ತರಿಸುವ ಮಾತೂ ನಡೆಯಿತು. ಅಂದಿನಿಂದ ಜೋಡಿಸುವ ಮೊದಲು ಒಮ್ಮೆ, ಆದ ಮೇಲೆ ಒಮ್ಮೆ ಸಾಲು ಎಣಿಸದೆ ಮುಂದಿನ ಹೆಜ್ಜೆ ಇಡುವುದಿಲ್ಲ.

ನಿಯಮ ಸರಳ. ಸರಕುವಾರು ಚಾರ್ಟ್ ಬೇಕಿದ್ದರೆ ಐಟಂ ಟೇಬಲ್‌ನಿಂದ ಶುರುಮಾಡಿ, ಐಟಂ ಮೊತ್ತವನ್ನೇ ಕೂಡಿಸಿ, ತಲೆ ಟೇಬಲ್‌ನಿಂದ ದಿನಾಂಕ ಮತ್ತು ಗ್ರಾಹಕರನ್ನು ಮಾತ್ರ ತನ್ನಿ. ಒಟ್ಟು ಮೊತ್ತದ ಕಾಲಂ ಅನ್ನು ತರಲೇಬೇಡಿ. ಅದು ಅಲ್ಲಿದ್ದರೆ ಇಂದಲ್ಲ ನಾಳೆ ಯಾರಾದರೂ ಎಳೆದು ಕೂಡಿಸುತ್ತಾರೆ. ಸರಕು ಬೇಡ, ತಿಂಗಳ ಮೊತ್ತ ಸಾಕು ಎಂದಾದರೆ ಐಟಂ ಟೇಬಲ್ ಮುಟ್ಟಬೇಡಿ.

ಐಟಂ ಟೇಬಲ್‌ಗೆ ಸರಕುಗಳ ಮಾಸ್ಟರ್ ಟೇಬಲ್ (ಪ್ರತಿ ಸರಕಿನ ಕೋಡ್, ಹೆಸರು, ವರ್ಗ ಇರುವ ಟೇಬಲ್) ಜೋಡಿಸಿದಾಗ ಸಾಲುಗಳ ಸಂಖ್ಯೆ ಅಷ್ಟೇ ಇರಬೇಕು. ಹೆಚ್ಚಾದರೆ ಮಾಸ್ಟರ್‌ನಲ್ಲಿ ಒಂದೇ ಕೋಡ್ ಎರಡು ಸಲ ಇದೆ. ಕಡಿಮೆಯಾದರೆ ನೀವು ಇನ್ನರ್ ಜಾಯಿನ್ ಆರಿಸಿದ್ದೀರಿ, ಮಾಸ್ಟರ್‌ನಲ್ಲಿ ಇಲ್ಲದ ಸರಕಿನ ಮಾರಾಟ ಬಿದ್ದುಹೋಗಿದೆ. ಲೆಫ್ಟ್ ಔಟರ್ ಆರಿಸಿ. ಜೋಡಿ ಸಿಗದ ಸಾಲುಗಳು ಖಾಲಿ ವರ್ಗದೊಂದಿಗೆ ಕಣ್ಣಿಗೆ ಬೀಳಲಿ.

ಇದೇ ಹಂತದಲ್ಲಿ ಇನ್ನೆರಡು ವಿಷಯ. ರದ್ದಾದ ಬಿಲ್, ಇನ್ನೂ ಕರಡಿನಲ್ಲಿರುವ ಬಿಲ್ ಎಷ್ಟೋ ಸಾಫ್ಟ್‌ವೇರ್‌ಗಳಲ್ಲಿ ಅದೇ ಟೇಬಲ್‌ನಲ್ಲಿ ಉಳಿದಿರುತ್ತವೆ, ಸ್ಟೇಟಸ್ ಕಾಲಂ ಒಂದೇ ಬೇರೆ. ಫಿಲ್ಟರ್ ಮಾಡಿ. ವಾಪಸಾತಿಯ ಕ್ರೆಡಿಟ್ ನೋಟ್‌ಗಳು ಕೆಲವು ಕಡೆ ಋಣ ಚಿಹ್ನೆಯೊಂದಿಗೆ, ಕೆಲವು ಕಡೆ ಧನ ಸಂಖ್ಯೆಯಾಗಿಯೇ ಇರುತ್ತವೆ. ಎರಡನೆಯ ಬಗೆಯಾದರೆ ವಾಪಸು ಬಂದದ್ದೂ ಮಾರಾಟಕ್ಕೆ ಸೇರಿಬಿಡುತ್ತದೆ. ಗೊತ್ತಿರುವ ಒಂದು ಕ್ರೆಡಿಟ್ ನೋಟ್ ಹುಡುಕಿ ಅದರ ಚಿಹ್ನೆಯನ್ನು ಕಣ್ಣಾರೆ ನೋಡಿ.

## 7. ತಾಳೆ ನೋಡಿ

ಆಗಲೇ ಎತ್ತಿಟ್ಟ ಮುಗಿದ ತಿಂಗಳ ವರದಿ ಈಗ ಹೊರತೆಗೆಯಿರಿ. ಇದುವರೆಗೆ ಪವರ್ ಕ್ವೆರಿಯಲ್ಲಿ ಕಟ್ಟಿದ ಹಂತಗಳನ್ನು, ಅಂದರೆ ಕ್ವೆರಿಯನ್ನು, ಪಿವಟ್ ಟೇಬಲ್ (ಸಾಲುಗಳನ್ನು ಗುಂಪು ಮಾಡಿ ಕೂಡಿಸಿ ತೋರಿಸುವ ಕೋಷ್ಟಕ) ಆಗಿ ಲೋಡ್ ಮಾಡಿ, ಆ ತಿಂಗಳ ಮೊತ್ತವನ್ನೂ ಬಿಲ್‌ಗಳ ಸಂಖ್ಯೆಯನ್ನೂ ಹೋಲಿಸಿ. ಐಟಂ ಟೇಬಲ್‌ನಿಂದ ಬಂದ ಡೇಟಾದಲ್ಲಿ ಸಾಲು ಎಣಿಸಿದರೆ ಬಿಲ್‌ಗಳ ಲೆಕ್ಕ ಸಿಗುವುದಿಲ್ಲ, ಬೇರೆ ಬೇರೆ ಬಿಲ್ ಸಂಖ್ಯೆಗಳನ್ನಷ್ಟೇ ಎಣಿಸಬೇಕು. "ಹತ್ತಿರ ಹತ್ತಿರ ಇದೆ" ಎಂದು ಬಿಡಬೇಡಿ. ಪೈಸೆಯ ತನಕ ಹೊಂದಬೇಕು, ಇಲ್ಲವೇ ವ್ಯತ್ಯಾಸಕ್ಕೆ ಕಾರಣ ಗೊತ್ತಿರಬೇಕು.

ವ್ಯತ್ಯಾಸವೇ ಸುಳಿವು ಕೊಡುತ್ತದೆ. ಮೊತ್ತ ಹಲವು ಪಟ್ಟು ಹೆಚ್ಚಿದ್ದರೆ 6ನೇ ಹಂತದ ಜೋಡಣೆ. ಪ್ರತಿ ತಿಂಗಳೂ ಹೆಚ್ಚುಕಡಿಮೆ ಒಂದೇ ಶೇಕಡಾವಾರಿನಲ್ಲಿ ಹೆಚ್ಚಿದ್ದರೆ ತೆರಿಗೆ ಸೇರಿಕೊಂಡಿದೆ. ಒಂದು ದಿನದ ಮಾರಾಟದಷ್ಟು ಕಡಿಮೆಯಿದ್ದರೆ ತಿಂಗಳ ಕೊನೆಯ ದಿನದ ಫಿಲ್ಟರ್. ವ್ಯತ್ಯಾಸ ಸರಿಯಾಗಿ ವಾಪಸಾತಿಯ ಎರಡರಷ್ಟಿದ್ದರೆ ಕ್ರೆಡಿಟ್ ನೋಟ್ ಕಳೆಯುವ ಬದಲು ಕೂಡಿದೆ. ವರ್ಷದ ಮೊತ್ತ ಸರಿಯಿದ್ದು ತಿಂಗಳುಗಳು ಮಾತ್ರ ತಪ್ಪಿದ್ದರೆ ದಿನಾಂಕ.

ಒಂದು ತಿಂಗಳು ಹೊಂದಿದ ಮೇಲೆ ಇನ್ನೊಂದು ತಿಂಗಳನ್ನೂ ನೋಡಿ. ಎರಡು ತಪ್ಪುಗಳು ಒಂದನ್ನೊಂದು ಮುಚ್ಚಿಹಾಕಿ ಒಂದು ತಿಂಗಳು ತಾನಾಗಿ ಹೊಂದಿಬಿಡುವುದುಂಟು.

## 8. ಈಗ ಚಾರ್ಟ್

ಕ್ಲೋಸ್ ಆಂಡ್ ಲೋಡ್ ಟು ಒತ್ತಿ. ಸಾಲುಗಳು ಕೆಲವೇ ಸಾವಿರವಾದರೆ ಟೇಬಲ್ ಆಗಿ ಹಾಳೆಗೆ ಇಳಿಸಿ. ಲಕ್ಷಗಟ್ಟಲೆ ಇದ್ದರೆ ಓನ್ಲಿ ಕ್ರಿಯೇಟ್ ಕನೆಕ್ಷನ್ ಆರಿಸಿ, ಕೆಳಗೆ ಡೇಟಾ ಮಾಡೆಲ್‌ಗೆ (ಡೇಟಾವನ್ನು ಹಾಳೆಯ ಬದಲು ಫೈಲ್‌ನೊಳಗೆ ಇಡುವ ಜಾಗ) ಸೇರಿಸುವ ಚೌಕಕ್ಕೆ ಗುರುತು ಹಾಕಿ, ಅದರ ಮೇಲೆ ಪಿವಟ್ ಚಾರ್ಟ್ ಕಟ್ಟಿ. ಡೇಟಾ ಮಾಡೆಲ್‌ಗೆ ಹಾಳೆಯ ಸಾಲುಗಳ ಮಿತಿ ಅನ್ವಯಿಸುವುದಿಲ್ಲ.

ಕಾಲದೊಂದಿಗೆ ಬದಲಾಗುವುದಕ್ಕೆ ಗೆರೆ, ಒಂದನ್ನೊಂದು ಹೋಲಿಸಲು ಪಟ್ಟಿ (ಬಾರ್). ಪಟ್ಟಿ ಚಾರ್ಟ್‌ನ ಅಕ್ಷ ಸೊನ್ನೆಯಿಂದಲೇ ಶುರುವಾಗಲಿ. ಸ್ಕ್ಯಾಟರ್ ಚಾರ್ಟ್ ಪಿವಟ್‌ನಿಂದ ಬರುವುದಿಲ್ಲ. ಅದು ಬೇಕಿದ್ದರೆ ಹಾಳೆಯ ಟೇಬಲ್‌ನಿಂದ ಮಾಡಿ.

ದಿನಾಂಕವನ್ನು ಗುಂಪು ಮಾಡುವಾಗ ತಿಂಗಳ ಜೊತೆ ವರ್ಷವನ್ನೂ ಆರಿಸಿ. ತಿಂಗಳು ಮಾತ್ರ ಆರಿಸಿದರೆ ಎರಡು ವರ್ಷದ ಜನವರಿಗಳು ಒಂದೇ ಜನವರಿಯಾಗುತ್ತವೆ. ಮಾರಾಟವೇ ಆಗದ ತಿಂಗಳು ಚಾರ್ಟ್‌ನಲ್ಲಿ ಕಾಣೆಯಾಗಿ ಗೆರೆ ಅದನ್ನು ಹಾರಿಕೊಂಡು ಹೋಗುತ್ತದೆ. ಫೀಲ್ಡ್ ಸೆಟ್ಟಿಂಗ್ಸ್‌ನಲ್ಲಿ ಶೋ ಐಟಮ್ಸ್ ವಿತ್ ನೋ ಡೇಟಾ ಹಾಕಿದರೆ ಆ ಜಾಗ ಉಳಿಯುತ್ತದೆ. ನಡೆಯುತ್ತಿರುವ ತಿಂಗಳನ್ನು ಗೆರೆ ಚಾರ್ಟ್‌ನಿಂದ ಹೊರಗಿಡಿ. ಅರ್ಧ ತಿಂಗಳ ಮೊತ್ತ ಕೊನೆಯಲ್ಲಿ ಪ್ರಪಾತದಂತೆ ಇಳಿದು ನೋಡುವವರನ್ನು ಸುಮ್ಮನೆ ಗಾಬರಿಗೊಳಿಸುತ್ತದೆ.

## 9. ರಿಫ್ರೆಶ್ ಒಂದೇ ಸಲಕ್ಕೆ ಆಗುವಂತೆ ಮಾಡಿ

ಕಂಟ್ರೋಲ್, ಆಲ್ಟ್, ಎಫ್5 ಒಟ್ಟಿಗೆ ಒತ್ತಿದರೆ ರಿಫ್ರೆಶ್ ಆಲ್. ಹಲವರು ದೂರುವುದು: "ಎರಡು ಸಲ ಒತ್ತಿದರೆ ಮಾತ್ರ ಚಾರ್ಟ್ ಬದಲಾಗುತ್ತದೆ". ಕಾರಣ ಇಷ್ಟೇ. ಕ್ವೆರಿ ಹಿನ್ನೆಲೆಯಲ್ಲಿ ಡೇಟಾ ತರುತ್ತಿರುವಾಗಲೇ, ಅದರ ಹಾಳೆಯ ಟೇಬಲ್ ಮೇಲೆ ನಿಂತಿರುವ ಪಿವಟ್ ಹಳೆಯ ಡೇಟಾವನ್ನು ಓದಿ ತನ್ನ ಕೆಲಸ ಮುಗಿಸಿಬಿಡುತ್ತದೆ. ಕ್ವೆರೀಸ್ ಆಂಡ್ ಕನೆಕ್ಷನ್ಸ್ ಪಟ್ಟಿಯಲ್ಲಿ ಕ್ವೆರಿಯ ಮೇಲೆ ರೈಟ್ ಕ್ಲಿಕ್ ಮಾಡಿ, ಪ್ರಾಪರ್ಟೀಸ್ ತೆರೆದು, ಎನೇಬಲ್ ಬ್ಯಾಕ್‌ಗ್ರೌಂಡ್ ರಿಫ್ರೆಶ್ ಗುರುತು ತೆಗೆಯಿರಿ. ಆಗ ಕ್ವೆರಿ ಮುಗಿಯುವ ತನಕ ಪಿವಟ್ ಕಾಯುತ್ತದೆ.

ಅಲ್ಲಿಯೇ ಫೈಲ್ ತೆರೆದಾಗ ರಿಫ್ರೆಶ್ ಆಗುವ ಆಯ್ಕೆಯೂ, ಇಷ್ಟು ನಿಮಿಷಕ್ಕೊಮ್ಮೆ ಎಂಬ ಆಯ್ಕೆಯೂ ಇವೆ. ಎರಡನೆಯದನ್ನು ಹತ್ತು ಜನರ ಯಂತ್ರದಲ್ಲಿ ಐದು ನಿಮಿಷಕ್ಕೆ ಇಟ್ಟರೆ, ಬಿಲ್ ಮಾಡುವವರ ಕೆಲಸ ನಿಧಾನವಾಗಬಹುದು. ದಿನಕ್ಕೊಮ್ಮೆ ನೋಡುವ ಚಾರ್ಟ್‌ಗೆ ಅದು ಬೇಡವೇ ಬೇಡ.

ಚಾರ್ಟ್‌ನ ಪಕ್ಕದಲ್ಲಿ ಡೇಟಾದೊಳಗಿನ ಕೊನೆಯ ಬಿಲ್‌ನ ದಿನಾಂಕ ತೋರಿಸಿ. ರಿಫ್ರೆಶ್ ಮಾಡಿದ ಸಮಯ ಗುಂಡಿ ಒತ್ತಿದ್ದನ್ನು ಮಾತ್ರ ಹೇಳುತ್ತದೆ. ಕೊನೆಯ ಬಿಲ್ ದಿನಾಂಕ ಡೇಟಾ ನಿಜಕ್ಕೂ ಬಂದಿದೆಯೇ ಎಂದು ಹೇಳುತ್ತದೆ.

## 10. ಫೈಲ್ ಬೇರೆಯವರ ಕೈಗೆ ಹೋಗುವಾಗ

ಅವರ ಯಂತ್ರದಲ್ಲೂ ಅದೇ ಡ್ರೈವರ್, ಅದೇ ಹೆಸರಿನ ಡಿಎಸ್‌ಎನ್ ಇರಬೇಕು. ಇಲ್ಲದಿದ್ದರೆ ಹಳೆಯ ಚಾರ್ಟ್ ಕಾಣುತ್ತದೆ, ರಿಫ್ರೆಶ್ ಮಾತ್ರ ಐಎಂ002 ಎಂದು ನಿಲ್ಲುತ್ತದೆ. ಪವರ್ ಕ್ವೆರಿ ಲಾಗಿನ್ ವಿವರವನ್ನು ನಿಮ್ಮ ಯಂತ್ರದಲ್ಲಿ ಇಟ್ಟುಕೊಳ್ಳುತ್ತದೆ, ಆದ್ದರಿಂದ ಅವರಿಗೆ ತಮ್ಮದೇ ಲಾಗಿನ್ ಬೇಕು. ಪಾಸ್‌ವರ್ಡ್ ಅನ್ನು ಕನೆಕ್ಷನ್ ಸಾಲಿನೊಳಗೆ ಬರೆದು ಈ ತೊಂದರೆ ತಪ್ಪಿಸಿಕೊಳ್ಳುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ, ಫೈಲ್ ತೆರೆದ ಯಾರಿಗಾದರೂ ಅದು ಕಾಣುತ್ತದೆ.

ಇದಕ್ಕಿಂತ ದೊಡ್ಡ ಎಚ್ಚರಿಕೆ: ಪಿವಟ್ ಮತ್ತು ಡೇಟಾ ಮಾಡೆಲ್ ತಾವು ಓದಿದ ಡೇಟಾವನ್ನು ಫೈಲ್‌ನೊಳಗೇ ಇಟ್ಟುಕೊಂಡಿರುತ್ತವೆ. ಹಾಳೆ ಮರೆಮಾಡಿದರೂ, ಚಾರ್ಟ್ ಒಂದನ್ನೇ ಉಳಿಸಿದರೂ, ಪಿವಟ್‌ನ ಮೊತ್ತದ ಮೇಲೆ ಡಬಲ್ ಕ್ಲಿಕ್ ಮಾಡಿದರೆ ಹಿಂದಿನ ಸಾಲುಗಳು ಗ್ರಾಹಕರ ಹೆಸರಿನ ಸಮೇತ ಹೊಸ ಹಾಳೆಯಲ್ಲಿ ಬಿಚ್ಚಿಕೊಳ್ಳಬಹುದು. ಹೊರಗಿನವರಿಗೆ ಚಾರ್ಟ್ ಕೊಡುವಾಗ ಚಿತ್ರವಾಗಿ ಅಥವಾ ಪಿಡಿಎಫ್ ಆಗಿ ಕೊಡಿ.

## ಮುಂದೆ ಎಂದಾದರೂ ಬರುವ ಎರಡು ಸಂದೇಶಗಳು

ತಿಂಗಳುಗಟ್ಟಲೆ ಚೆನ್ನಾಗಿ ನಡೆದ ಕ್ವೆರಿ ಒಂದು ದಿನ "ದ ಕಾಲಂ ಆಫ್ ದ ಟೇಬಲ್ ವಾಸಂಟ್ ಫೌಂಡ್" ಎಂದು ನಿಂತರೆ, ಸಾಫ್ಟ್‌ವೇರ್‌ನ ಹೊಸ ಆವೃತ್ತಿಯಲ್ಲಿ ಆ ಕಾಲಂನ ಹೆಸರು ಬದಲಾಗಿದೆಯೇ ನೋಡಿ. ಹಂತಗಳ ಪಟ್ಟಿಯನ್ನು ಮೇಲಿನಿಂದ ಒಂದೊಂದಾಗಿ ಒತ್ತುತ್ತಾ ಬನ್ನಿ. ಎಲ್ಲಿ ಹಳದಿ ಪಟ್ಟಿ ಕಾಣುತ್ತದೋ ಅಲ್ಲಿ ಹೆಸರು ತಿದ್ದಿ. ತಿದ್ದಿದ ದಿನ 7ನೇ ಹಂತವನ್ನು ಮತ್ತೆ ಮಾಡಿ, ಹೆಸರಿನ ಜೊತೆ ಕಾಲಂನ ಅರ್ಥವೂ ಬದಲಾಗಿರಬಹುದು.

"ಫಾರ್ಮುಲಾ.ಫೈರ್‌ವಾಲ್" ಎಂಬುದು ಡೇಟಾಬೇಸ್ ಮತ್ತು ಇನ್ನೊಂದು ಮೂಲ, ಉದಾಹರಣೆಗೆ ಗುರಿಗಳನ್ನು ಬರೆದಿಟ್ಟ ಎಕ್ಸೆಲ್ ಹಾಳೆ, ಇವೆರಡನ್ನು ಬೆರೆಸಿದಾಗ ಬರುತ್ತದೆ. ಒಂದರ ಡೇಟಾ ಇನ್ನೊಂದಕ್ಕೆ ಸೋರದಂತೆ ಎಕ್ಸೆಲ್ ತಡೆಯುತ್ತಿದೆ. ಪ್ರೈವೆಸಿ ಲೆವೆಲ್ (ಒಂದು ಮೂಲದ ಡೇಟಾ ಎಷ್ಟು ಗುಟ್ಟಿನದು ಎಂಬ ಗುರುತು) ಕಡೆಗಣಿಸುವ ಆಯ್ಕೆ ಇದೆ, ಆದರೆ ಅದನ್ನು ಕೊನೆಗೆ ಇಟ್ಟುಕೊಳ್ಳಿ. ಮೊದಲು ಪ್ರತಿ ಮೂಲವನ್ನೂ ಅದರದೇ ಬೇರೆ ಕ್ವೆರಿಯಲ್ಲಿ ಓದಿ, ಮೂರನೆಯ ಕ್ವೆರಿಯಲ್ಲಿ ಅವೆರಡನ್ನು ಮರ್ಜ್ ಮಾಡಿ. ಡೇಟಾ ಸೋರ್ಸ್ ಸೆಟ್ಟಿಂಗ್ಸ್‌ನಲ್ಲಿ ಎರಡಕ್ಕೂ ಆರ್ಗನೈಸೇಷನಲ್ ಎಂದು ಮಟ್ಟ ಕೊಟ್ಟು ಮತ್ತೆ ರಿಫ್ರೆಶ್ ಮಾಡಿ.